ಟೈಲರ್ ಮನೆಯ ಮೋಟಾರು ಚಕ್ರ

"ಈ ಪೆಟ್ಟಿಗೆ ಮೇಲೆ ಯಾರು ಹತ್ತಿ ಕುಣಿದ್ರಪ್ಪಾ?"

ಸೊಸೆ ಕೇಳಿದ್ದು ಯಾರನ್ನೂ ಅಲ್ಲ. ಸಾಮಾನು ತಂದುಕೊಟ್ಟವನು ಆಗಲೇ ವ್ಯಾನು ಹತ್ತಿ ಬೀದಿ ತಿರುಗಿದ್ದ. ಮಾವ ಹೊಲಿಗೆ ಮೆಷಿನ್ನಿನ ಸದ್ದಿನಲ್ಲಿ ಮುಳುಗಿದ್ದರು. ಗಂಡ ಕೆಲಸಕ್ಕೆ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಿಯಾಗಿತ್ತು. ನಡುಮನೆಯಲ್ಲಿ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದ ಅತ್ತೆಯ ಕಿವಿಗೆ ಮಾತ್ರ ಆ ಪ್ರಶ್ನೆ ಬಿತ್ತು. ಅವರನ್ನು ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಿದ್ದರು. ಟೈಲರಮ್ಮನ ಮಂಡಿ ಸೋತು ವರ್ಷಗಳಾಗಿದ್ದವು. ಕಿವಿ ಮಾತ್ರ ಇನ್ನೂ ಹುಡುಗಿಯದು. ಸೊಸೆಯ ದನಿಯಲ್ಲಿ ಅಳು ಎಲ್ಲಿಂದ ಶುರುವಾಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು, ಗೋಡೆ ಹಿಡಿದು ಎದ್ದರು.

ಪೆಟ್ಟಿಗೆಯ ಒಂದು ಮೂಲೆ ಒಳಕ್ಕೆ ಕುಸಿದಿತ್ತು. ಇನ್ನೊಂದು ಮಗ್ಗುಲಲ್ಲಿ ರಟ್ಟನ್ನು ಹರಿದುಕೊಂಡು ಕಬ್ಬಿಣದ ಅಚ್ಚೊಂದು ಹೊರಗೆ ಇಣುಕುತ್ತಿತ್ತು. ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ ಅದರ ಜಾಗಕ್ಕೆ ಹಾಕುವ ಚಕ್ರ ಅದು. ನಡುವಿನ ಗುಂಬದೊಳಗೇ ಮೋಟಾರು. ಬೇರೆ ಪೆಟ್ಟಿಗೆಯಲ್ಲಿದ್ದ ಬ್ಯಾಟರಿಗೆ ಏನೂ ಆಗಿರಲಿಲ್ಲ. ಆದರೆ ಚಕ್ರದ ಕಡ್ಡಿಗಳು ಕೆಲವು ಬಾಗಿದ್ದವು, ಅಚ್ಚಿನ ಪಕ್ಕದಿಂದ ಹೊರಬರುವ ವೈರಿನ ಕಟ್ಟು ಜಜ್ಜಿಹೋಗಿತ್ತು.

"ಬದುಕತ್ತೇನೇ ಇದು?" ಎಂದರು ಟೈಲರಮ್ಮ.

"ಮನುಷ್ಯರ ಗಾಯ ನೋಡಿದ್ರೆ ಹೇಳ್ಬಹುದು ಅತ್ತೆ. ಇದಕ್ಕೆ ನಾಡಿ ಎಲ್ಲಿದೆ ಅಂತ ಯಾರಿಗೆ ಗೊತ್ತು?"

ಸೊಸೆ ಆಸ್ಪತ್ರೆಯ ನರ್ಸು. ಹಾಸಿಗೆ ಹಿಡಿದವರ ಮನೆಮನೆಗೆ ಸೈಕಲ್ಲಿನಲ್ಲಿ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟಿ ಬರುವುದು ಅವಳ ಕೆಲಸ. ಕೆಳಗಿನ ಬೀದಿಗಳು ಸಲೀಸು. ದಿಬ್ಬದ ಮೇಲಿನ ಬೀದಿಗಳಿಗೆ ಹೋಗುವಾಗ ಮಾತ್ರ ಅರ್ಧ ದಾರಿ ತುಳಿದು, ಇನ್ನರ್ಧ ತಳ್ಳಿ, ಬಾಗಿಲು ತಟ್ಟುವ ಹೊತ್ತಿಗೆ ಮಾತೇ ಹೊರಡುತ್ತಿರಲಿಲ್ಲ. "ನೀನು ಹೋಗಿ ನಿಂತರೆ ರೋಗಿನೇ ಎದ್ದು ನಿನಗೆ ನೀರು ಕೊಡಬೇಕು, ಹಾಗಿದೀಯ" ಎಂದು ದೊಡ್ಡ ನರ್ಸು ಎಲ್ಲರೆದುರು ಅಂದಿದ್ದಳು. ಮುಂದಿನ ತಿಂಗಳಿಂದ ದಿಬ್ಬವನ್ನು ಸ್ಕೂಟರ್ ಇರುವ ಹೊಸ ಹುಡುಗನಿಗೆ ಕೊಡುವುದೆಂದೂ ಹೇಳಿದ್ದಳು. ಅದಕ್ಕೇ ಸೊಸೆ ಈ ಚಕ್ರ ತರಿಸಿದ್ದು.

ಆ ಮಾತು ಸೊಸೆಗಿಂತ ಹೆಚ್ಚು ಚುಚ್ಚಿದ್ದು ಟೈಲರಮ್ಮನಿಗೆ. ದಿಬ್ಬದ ತುದಿಯ ಮನೆಯಲ್ಲಿ ಅವರ ಅಕ್ಕ ಇದ್ದಳು. ಕಾಲಿನ ಗಾಯ ಮಾಯದೆ ಕೂತಲ್ಲೇ ಕೂತಿದ್ದಳು. ಇವರಿಗೆ ಹತ್ತಲು ಮಂಡಿ ಇಲ್ಲ, ಅವಳಿಗೆ ಇಳಿಯಲು ಪಾದ ಇಲ್ಲ. ಆಟೋದವರು ಆ ಏರು ನೋಡಿಯೇ ಕೈಯಾಡಿಸುತ್ತಿದ್ದರು. ಫೋನಿನಲ್ಲಿ ಬರುವ ದನಿ ಅಕ್ಕನ ಕಿವಿಯಲ್ಲಿ ನಿಲ್ಲುತ್ತಿರಲಿಲ್ಲ, ಎದುರು ಕೂತು ಹೇಳಿದರೆ ಮಾತ್ರ ಕೇಳುತ್ತಿತ್ತು. ಮಗನನ್ನು ಕೇಳಿದರೆ, ಸ್ನೇಹಿತನ ಗಾಡಿ ತಂದು ಮುಂದಿನ ವಾರ ಕರೆದುಕೊಂಡು ಹೋಗ್ತೀನಮ್ಮ ಅನ್ನುತ್ತಿದ್ದ. ಆ ಮುಂದಿನ ವಾರ ಎಷ್ಟೋ ಸಲ ಬಂದು ಹೋಗಿತ್ತು.

ಅಕ್ಕತಂಗಿಯರಿಬ್ಬರೂ ಅಪ್ಪನ ಬಾಯಿಂದ ಕಾವ್ಯ ಕೇಳಿ ಬೆಳೆದವರು. ಪಾತ್ರೆ ತಿಕ್ಕುವಾಗ ಒಬ್ಬಳು ಒಂದು ಸಾಲು ಹೇಳಿದರೆ, ನೆಲ ಒರೆಸುತ್ತ ಇನ್ನೊಬ್ಬಳು ಮುಂದಿನ ಸಾಲು ಹೇಳಬೇಕು; ತಪ್ಪಿದವಳು ನೀರು ತರಬೇಕು. ಆ ಆಟವನ್ನು ಈಗ ಸೊಸೆಯ ಬಾಯಿಯಲ್ಲಿ ನಡೆಸುತ್ತಿದ್ದರು. ಅಕ್ಕ ಮೇಲಿಂದ ಒಂದು ಸಾಲು ಕಳಿಸುವಳು, ಟೈಲರಮ್ಮ ಕೆಳಗಿನಿಂದ ಮುಂದಿನದನ್ನು ಕಳಿಸುವರು. ಸೊಸೆಗೆ ಕಾವ್ಯದ ಗಂಧವಿಲ್ಲ, ಮೇಲಾಗಿ ಏದುಸಿರು.

"ನಿಮ್ಮಕ್ಕ ಏನೋ ಅಂದ್ರು. ಬೆಳಗಾಯ್ತು, ಬಾಗಿಲು ತೆಗಿ ಅಂತ."

"ಹಾಗಂದಿರಲ್ಲ ಕಣೇ. 'ಬೆಳಗು ಬಂದಿತು ತಾಯೆ, ಕದವ ತೆರೆ, ಕದವ ತೆರೆ' ಅಂದಿರ್ತಾಳೆ. ಅವಳು ಪದ್ಯ ಕೊಟ್ರೆ ನೀನು ಸುದ್ದಿ ತರ್ತೀಯಲ್ಲೇ!"

"ಅರ್ಥ ಒಂದೇ ಅಲ್ವಾ ಅತ್ತೆ?"

"ಹಿಟ್ಟೂ ರೊಟ್ಟಿನೂ ಒಂದೇನಾ?" ಎನ್ನುವರು ಟೈಲರಮ್ಮ. ಬಯ್ಯುತ್ತಲೇ ಮುಂದಿನ ಸಾಲನ್ನು ಅವಳ ಕಿವಿಗೆ ಎರಡೆರಡು ಸಲ ತುಂಬಿ ಕಳಿಸುವರು.

ಪೆಟ್ಟಿಗೆ ಬಂದ ದಿನವೇ ಸಂಜೆ ಊಟದ ಹೊತ್ತಿಗೆ ಅಂಗಡಿಯವರ ಉತ್ತರ ಬಂದಿತ್ತು. ಬೇಯಿಸಿದ ಆಲೂಗಡ್ಡೆಯ ಪಾತ್ರೆಯನ್ನು ನಡುವೆ ಇಟ್ಟು ಸೊಸೆ ಅದನ್ನು ಓದಿ ಹೇಳಿದಳು. ಮೋಟಾರು ಬಿಚ್ಚಬೇಡಿ, ಬಿಚ್ಚಿದರೆ ವಾಪಸ್ ತಗೊಳ್ಳುವುದಿಲ್ಲ. ಹಾಗೇ ಕಳಿಸಿದರೆ ಹೊಸ ಸರಕು ಬಂದ ಮೇಲೆ ಬೇರೆ ಕೊಡುತ್ತೇವೆ.

"ಸರಿ, ಕಳಿಸು. ಮುಗೀತಲ್ಲ" ಎಂದ ಮಗ.

"ಹೊಸ ಸರಕು ಯಾವಾಗ ಬರತ್ತೆ ಅಂದ್ರೆ ಶೀಘ್ರದಲ್ಲೇ ಅಂತಾರೆ."

"ಶೀಘ್ರದಲ್ಲೇ ಅಂದ್ರೆ?"

"ನೀವು ಅಮ್ಮನಿಗೆ ಮುಂದಿನ ವಾರ ಅಂತೀರಲ್ಲ, ಹಾಗೆ."

ಟೈಲರ್ ತಟ್ಟೆಯೊಳಗೆ ನಕ್ಕರು. ಮಗ ನಗಲಿಲ್ಲ. "ನೀನು ಬಿಚ್ತೀಯಾ? ಮಿಕ್ಸಿ ಕೆಟ್ಟಾಗ ಬಿಚ್ಚಿದ್ಯಲ್ಲ, ಅದು ಇನ್ನೂ ಅಟ್ಟದ ಮೇಲಿದೆ."

"ಮಿಕ್ಸಿಗೆ ವಿಡಿಯೋ ನೋಡಿರ್ಲಿಲ್ಲ. ಇದಕ್ಕೆ ನೋಡಿದೀನಿ."

"ವಿಡಿಯೋ ನೋಡಿ ಆಪರೇಷನ್ ಮಾಡೋಳು ನಿಮ್ಮ ಆಸ್ಪತ್ರೆಲಿ ಯಾರಾದ್ರೂ ಇದಾಳಾ?"

"ಆಲೂಗಡ್ಡೆ ಆರ್ತಿದೆ, ಮೊದಲು ತಿನ್ರೋ" ಎಂದರು ಟೈಲರಮ್ಮ. ಆಮೇಲೆ, ಯಾರೂ ಕೇಳದಿದ್ದರೂ ಅಂದರು: "ಆ ಸ್ಕೂಟರ್ ಹುಡುಗ ಕಿವಿಲಿ ಹಾಡು ಸಿಕ್ಕಿಸ್ಕೊಂಡೇ ಓಡಾಡ್ತಾನಂತೆ. ನಮ್ಮಕ್ಕನ ಕಾಲಿಗೆ ಪಟ್ಟಿ ಕಟ್ಟಿ ಬರ್ತಾನೆ, ಸರಿ. ಅವಳು ಹೇಳಿದ್ದನ್ನ ತರ್ತಾನಾ?"

ಸೊಸೆ ಮಾವನ ಕಡೆ ತಿರುಗಿದಳು. "ಮಾವ, ನಾಳೆ ನನಗೆ ರಜೆ. ನಿಮ್ಮ ಕತ್ತರಿಸೋ ಮೇಜು ಬೇಕಿತ್ತು."

"ಒಂದು ಮದುವೆ ಸೂಟಿದೆ..." ಎಂದು ಶುರುಮಾಡಿದ ಟೈಲರ್ ಹೆಂಡತಿಯ ಮುಖ ನೋಡಿ, "ಇರಲಿ, ಮದುವೆಗೆ ಇನ್ನೂ ಟೈಮಿದೆ" ಎಂದರು.

ಮಾರನೆಯ ದಿನ ಮಗ ಮಧ್ಯಾಹ್ನದ ಊಟಕ್ಕೆ ಬಂದಾಗ ಕತ್ತರಿಸುವ ಮೇಜಿನ ಮೇಲೆ ಮೋಟಾರು ಹೊಟ್ಟೆ ತೆರೆದು ಮಲಗಿತ್ತು. ಒಳಗೆ ತಾಮ್ರದ ಸುರುಳಿಗಳು ನೂಲಿನ ಉಂಡೆಗಳಂತೆ ಒಪ್ಪವಾಗಿ ಕೂತಿದ್ದವು. ಸೊಸೆ ಆಸ್ಪತ್ರೆಯ ಚಿಮಟ ಹಿಡಿದು ಜಜ್ಜಿದ ವೈರುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು, ಟೈಲರ್ ಮೂಗಿನ ತುದಿಗೆ ಕನ್ನಡಕ ಇಳಿಸಿ ದೀಪ ಹಿಡಿದಿದ್ದರು.

"ಬಿಚ್ಚೇಬಿಟ್ಯಾ?"

"ಹೂಂ."

"ಇನ್ನು ವಾಪಸ್ ತಗೊಳ್ಳಲ್ಲ."

"ಅದಕ್ಕೇ ಬಿಚ್ಚಿದ್ದು. ತಗೊಳ್ತಾರೆ ಅಂತಿದ್ರೆ ನೀವು ನನ್ನ ಬಿಡ್ತಿದ್ರಾ?"

ಮಗ ಕೋಪದಲ್ಲಿ ಅಡುಗೆಮನೆಗೆ ಹೋಗಿ ಮುಚ್ಚಳಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೆಗೆದ. ಟೈಲರಮ್ಮ ಬಡಿಸುತ್ತ, "ಕೋಪ ಮಾಡ್ಕೊ, ಆದ್ರೆ ಹೊಟ್ಟೆ ತುಂಬ ತಿಂದು ಮಾಡ್ಕೊ" ಎಂದರು.

ಜಜ್ಜಿದ ಕಟ್ಟನ್ನು ಕತ್ತರಿಸಿ ಹೊಸ ವೈರು ಹಾಕಿದ್ದಾಯಿತು. ಮೂರು ದಪ್ಪ ವೈರು ಕರೆಂಟಿಗೆ. ಸಣ್ಣವು ಚಕ್ರ ಎಲ್ಲಿ ತಿರುಗಿದೆಯೆಂದು ಹೇಳುವುದಕ್ಕೆ. ಮೋಟಾರಿನ ಕಡೆಯ ಬಣ್ಣಕ್ಕೂ ಕರೆಂಟು ಹಂಚುವ ಡಬ್ಬಿಯ ಕಡೆಯ ಬಣ್ಣಕ್ಕೂ ತಾಳೆ ಇರಲಿಲ್ಲ. ಯಾವುದಕ್ಕೆ ಯಾವುದು ಎಂದು ಸೊಸೆ ಮೊದಲೇ ನೋಡಿ, ಹಸಿರನ್ನು ನೀಲಿಗೆ, ನೀಲಿಯನ್ನು ಹಳದಿಗೆ, ಹೀಗೆ ಜೋಡಿಜೋಡಿಯಾಗಿ ಹೊಲಿಗೆ ದಾರದಲ್ಲಿ ಕಟ್ಟಿಟ್ಟು, ಹಾಲು ಉಕ್ಕಿದ ವಾಸನೆಗೆ ಒಳಗೆ ಓಡಿದಳು. ತಿರುಗಿ ಬರುವಷ್ಟರಲ್ಲಿ ಟೈಲರ್ ಎಲ್ಲ ಗಂಟು ಬಿಚ್ಚಿ ಹೊಸದಾಗಿ ಕಟ್ಟಿ ಮೇಲೆ ಟೇಪು ಸುತ್ತಿಟ್ಟಿದ್ದರು. ಅವಳು ಟೇಪನ್ನಷ್ಟೇ ನೋಡಿದಳು.

ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಗುಂಡಿ ಒತ್ತಿದಾಗ ಮೋಟಾರು ಒಮ್ಮೆ ಗುರ್ ಎಂದಿತು. ಚಕ್ರ ತಿರುಗಿತು! ಸೊಸೆ ಕೂಗಿದಳು, ಟೈಲರಮ್ಮ ಕೈ ಜೋಡಿಸಿದರು. ಬಾಗಿಲಲ್ಲಿ ನಿಂತಿದ್ದ ಮಗ ಮಾತ್ರ ಕತ್ತು ಓರೆ ಮಾಡಿ ನೋಡಿದ.

"ಹಿಂದಕ್ಕೆ ತಿರುಗ್ತಿದೆ."

ನೋಡಿದರೆ ಹೌದು. ಜೋರಾಗಿ, ಉತ್ಸಾಹದಿಂದ, ಹಿಂದಕ್ಕೆ.

"ಮಾವ, ವೈರು ಮುಟ್ಟಿದ್ರಾ?"

"ಮುಟ್ಟೋದೇನು? ಸರಿ ಮಾಡಿದೆ. ಹಸಿರಿಗೆ ನೀಲಿ ಕಟ್ಟಿದ್ಯಲ್ಲಮ್ಮ, ಹಾಗೆ ಹೊಲಿದುಕೊಟ್ರೆ ಗಿರಾಕಿ ಮುಖಕ್ಕೆ ಎಸೀತಾನೆ! ಬಣ್ಣಕ್ಕೆ ಬಣ್ಣ ಸೇರಿಸಿದೀನಿ."

ಸೊಸೆ ನೆಲದ ಮೇಲೆ ಕುಸಿದು ಕೂತು ನಕ್ಕಳು. ಬಾಗಿಲಲ್ಲಿದ್ದ ಮಗನಿಗೂ ತಡೆಯಲಾಗಲಿಲ್ಲ. "ಒಳ್ಳೇದೇ ಆಯ್ತು, ದಿಬ್ಬ ಇಳಿಯೋಕೆ ಇಟ್ಕೊ" ಎಂದ.

ನಕ್ಕ ಮೇಲೆ ಅವನು ಹೊರಗಿನವನಾಗಿ ಉಳಿಯಲು ಆಗಲಿಲ್ಲ. ಟೈಲರ್ ಗೊಣಗುತ್ತಲೇ ಹಸಿರನ್ನು ನೀಲಿಗೆ ಕೊಟ್ಟರು. ಚಕ್ರ ಮುಂದಕ್ಕೆ ತಿರುಗಿತು, ಆದರೆ ಕುಡಿದವನಂತೆ ಅತ್ತಿತ್ತ ವಾಲುತ್ತ. ಪ್ರೆಸ್ಸಿನಲ್ಲಿ ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಕೂದಲೆಳೆ ಜರುಗಿದರೂ ಮಗನ ಕಣ್ಣಿಗೆ ಮುಳ್ಳು. ಎರಡು ಸುತ್ತು ನೋಡುವಷ್ಟರಲ್ಲಿ ಅವನ ಕೈ ತುರಿಸಿತು. "ಸರಿ, ಆ ಕಡೆ ಸರಿ. ನೋಡೋಕಾಗ್ತಿಲ್ಲ" ಎಂದು ಕೂತುಬಿಟ್ಟ. ಬಾಗಿದ ಕಡ್ಡಿ ತೆಗೆದು ಹೊಸವು ಹಾಕಿದ. ಅಪ್ಪನ ಸೀಮೆಸುಣ್ಣವನ್ನು ಚಕ್ರದ ಅಂಚಿನ ಹತ್ತಿರ ಹಿಡಿದು ತಿರುಗಿಸುತ್ತ, ಸುಣ್ಣ ತಾಗಿದಲ್ಲೆಲ್ಲ ಎದುರು ಕಡೆಯ ಕಡ್ಡಿಯನ್ನು ಬಿಗಿ ಮಾಡುತ್ತ ಹೋದ. ಆ ವಾರವೆಲ್ಲ ಪ್ರೆಸ್ಸಿನಿಂದ ಬಂದವನು ಕೈಕಾಲು ತೊಳೆಯುವ ಮೊದಲೇ ಚಕ್ರದ ಮುಂದೆ ಕೂರುತ್ತಿದ್ದ. ಚಹಾ ಅಲ್ಲಿಗೇ ಹೋಗುತ್ತಿತ್ತು, ಬಯ್ಗುಳವೂ ಅಲ್ಲಿಗೇ ಹೋಗುತ್ತಿತ್ತು.

ಟೈಲರಮ್ಮ ಪಕ್ಕದಲ್ಲೇ ಕೂತು ಗುಂಡಿ ಹಾಕುತ್ತಿದ್ದರು. ಚಕ್ರ ಓಡುವ ಸದ್ದು ಅವರಿಗೆ ಹಿತವಾಗಿತ್ತು. ಅದರ ಜೊತೆಗೇ ಮೆಲ್ಲಗೆ ಸಾಲುಗಳನ್ನು ಹೇಳಿಕೊಳ್ಳುತ್ತಿದ್ದರು. ಹೇಳುತ್ತ ಹೇಳುತ್ತ ಒಂದು ದಿನ ತಡವರಿಸಿದರು. ಮತ್ತೆ ಶುರುಮಾಡಿದರು. ಮತ್ತೆ ಅದೇ ಜಾಗದಲ್ಲಿ ಎಡವಿದರು.

"ನಿಲ್ಸೋ ಅದನ್ನ. ಒಳಗೆ ಏನೋ ತಾಳ ತಪ್ಪಿಸ್ತಿದೆ."

"ಏನೂ ಇಲ್ಲಮ್ಮ."

"ಒಂದೊಂದು ಸುತ್ತಿಗೂ ಒಂದು ಸಲ ಟಿಕ್ ಅಂತಿದೆ."

ಮಗ ಕಿವಿ ಇಟ್ಟ. ಸೊಸೆ ಕಿವಿಗೆ ಸ್ಟೆತಸ್ಕೋಪೇ ಸಿಕ್ಕಿಸಿಕೊಂಡು ಗುಂಬದ ಮೇಲೆ ಇಟ್ಟಳು. ಗುಂಯ್ ಎನ್ನುವುದಷ್ಟೇ ಕೇಳಿತು. ಟೈಲರ್, "ನಿನ್ನ ಹಲ್ಲಿನ ಸದ್ದಿರಬೇಕು ಕಣೇ" ಎಂದರು.

"ನನ್ನ ಹಲ್ಲು ನಿಮ್ಮ ಮೆಷಿನ್ನಿಗಿಂತ ಗಟ್ಟಿಯಾಗಿದೆ" ಎಂದು ಟೈಲರಮ್ಮ ಮುಖ ತಿರುಗಿಸಿದರು.

ಮರುದಿನ ಬೆಳಿಗ್ಗೆ ಸೊಸೆ ಮೊದಲ ಸಲ ಸೈಕಲ್ಲನ್ನು ಬೀದಿಗೆ ಇಳಿಸಿದಳು. ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಸೈಕಲ್ಲು ಗಾಳಿಯಂತೆ ಹೊರಟಿತು, ಬೇಕರಿಯವರೆಗೆ ಹೋಯಿತು, ಅಲ್ಲಿ ಕರ್ರ್ ಎಂದು ಒದರಿ ನಿಂತುಬಿಟ್ಟಿತು. ತಳ್ಳಿಕೊಂಡು ಬಂದ ಸೊಸೆಯ ಮುಖ ನೋಡಲಾಗಲಿಲ್ಲ. ತಿಂಗಳು ಅರ್ಧ ದಾಟಿತ್ತು.

ಮತ್ತೆ ಬಿಚ್ಚಿದರು. ಈ ಸಲ ಮೊದಲು ಇಣುಕಿದವನು ಮಗ. ಮೋಟಾರಿನೊಳಗಿನ ಅಯಸ್ಕಾಂತಕ್ಕೆ ಏನೋ ಕಚ್ಚಿಕೊಂಡಿತ್ತು. ಚಿಮಟದಿಂದ ಎಳೆದ. ಸವೆದು ಬಾಗಿದ ಒಂದು ಗುಂಡುಪಿನ್ನು, ಅದರ ಹಸಿರು ಗಾಜಿನ ತಲೆ ಅರ್ಧ ಒಡೆದಿತ್ತು.

ಮೂವರೂ ಟೈಲರ ಎದೆಯ ಕಡೆ ನೋಡಿದರು. ಅಂಗಿಯ ಜೇಬಿನ ಮೇಲೆ ಸಾಲಾಗಿ ಹಸಿರು ತಲೆಯ ಪಿನ್ನುಗಳು.

"ಅಂಗಡಿಯೋರೇ ಹಾಕಿ ಕಳಿಸಿರ್ಬೇಕು" ಎಂದರು ಟೈಲರ್.

"ಅವರ ಹತ್ರನೂ ಹಸಿರೇ ಇತ್ತೇನೋ" ಎಂದರು ಟೈಲರಮ್ಮ.

"ಮೇಜು ಒರೆಸಿದ್ನಲ್ಲೇ!"

"ಮದುವೆ ಸೂಟು ಎತ್ತಿಡುವಾಗ ಉದುರಿರತ್ತೆ. ಆ ಅಯಸ್ಕಾಂತ ಬಿಡತ್ತಾ? ಬಾಯಿ ತೆಗೆದು ಕೂತಿತ್ತು, ತಿಂದಿದೆ."

ಪಿನ್ನು ಉಜ್ಜಿದ ಕಡೆ ತಾಮ್ರದ ತಂತಿಯ ಮೇಲ್ಪದರ ಸ್ವಲ್ಪ ತರಚಿತ್ತು, ತಂತಿ ಹರಿದಿರಲಿಲ್ಲ. ಸೊಸೆ ಹುಣ್ಣಿಗೆ ಔಷಧ ಸವರುವ ನಾಜೂಕಿನಲ್ಲಿ ಅಲ್ಲಿಗೆ ವಾರ್ನಿಷ್ ಸವರಿದಳು, ಬಿಸಿಲಿಗಿಟ್ಟು ಒಣಗಿಸಿದಳು. ಮಾವನನ್ನು ಮೇಜಿನಿಂದ ಒಂದು ಮಾರು ದೂರ ಕೂರಿಸಿ ಮುಚ್ಚಳ ಬಿಗಿದರು. ಚಕ್ರ ತಿರುಗಿಸಿ ಎಲ್ಲರೂ ಟೈಲರಮ್ಮನ ಮುಖ ನೋಡಿದರು. ಟೈಲರಮ್ಮ ಕಣ್ಣು ಮುಚ್ಚಿ ಒಂದಿಡೀ ಪದ್ಯವನ್ನು ತುಟಿಯಲ್ಲೇ ಹೇಳಿ ಮುಗಿಸಿದರು.

"ಹೂಂ. ಈಗ ಸರಿ."

ಇನ್ನು ಉಳಿದದ್ದು ಪಳಗಿಸುವ ಕೆಲಸ. ಹ್ಯಾಂಡಲ್ಲಿನ ಮೇಲಿನ ಸಣ್ಣ ಪರದೆಯಲ್ಲಿ ಗುಂಡಿ ಒತ್ತಿ, ಮೋಟಾರು ಎಷ್ಟು ಜೋರಾಗಿ ಹೊರಡಬೇಕು, ಏರಿನಲ್ಲಿ ಎಷ್ಟು ಬಲ ಕೊಡಬೇಕು ಎಂದು ಹೇಳಬಹುದಿತ್ತು. ಹಿಂದಿನ ಸೀಟಿಗೆ ಭಾರ ಇಟ್ಟೇ ನೋಡಬೇಕು ಎಂದು ಸೊಸೆ ಹಟ ಹಿಡಿದಳು.

"ನಿನ್ನ ಔಷಧಿ ಚೀಲಕ್ಕೆ ಯಾಕೆ ಅಷ್ಟು ಭಾರ?" ಎಂದ ಮಗ.

"ಚೀಲಕ್ಕಲ್ಲ. ಅತ್ತೆಗೆ."

ಟೈಲರಮ್ಮನ ಕೈಯಲ್ಲಿದ್ದ ಗುಂಡಿ ಉರುಳಿಹೋಯಿತು. ಅದನ್ನು ಹುಡುಕುವವರಂತೆ ಬಗ್ಗಿದರು. ಮಗ ತಲೆ ಕೆರೆದುಕೊಂಡ. ಅವನ ಬಾಯಿಗೆ ಬಂದಿದ್ದ 'ಮುಂದಿನ ವಾರ' ಅಲ್ಲೇ ಒಣಗಿತು.

ಹಿಟ್ಟಿನ ಮೂಟೆ ತಂದು ಕಟ್ಟಿದರು. ಟೈಲರಮ್ಮ ಮೂಟೆಯನ್ನು ಮೇಲಿಂದ ಕೆಳಗೆ ನೋಡಿ, "ನಾನು ಇಷ್ಟಿದೀನಾ?" ಎಂದರು.

"ಸ್ವಲ್ಪ ಕಮ್ಮಿನೇ ಕಟ್ಟಿದೀವಿ ಅತ್ತೆ" ಎಂದಳು ಸೊಸೆ.

ಮೊದಲ ಸಲ ಗುಂಡಿ ಒತ್ತಿದ ಕೂಡಲೇ ಸೈಕಲ್ಲು ಮುಂದಕ್ಕೆ ನೆಗೆಯಿತು, ಮೂಟೆ ಹಿಂದಕ್ಕೆ ನೆಗೆಯಿತು. ಬೀದಿಯಲ್ಲಿ ಬಿಳಿ ಮೋಡವೆದ್ದಿತು. ಟೈಲರಮ್ಮ ತಮ್ಮ ಗತಿ ಕಣ್ಣಾರೆ ಕಂಡು, "ಅಯ್ಯೋ, ನಾನು ಒಡೆದೋದ್ನಲ್ಲಪ್ಪಾ!" ಎಂದು ಕೂಗಿದರು. ಎದುರುಮನೆಯವರು ನಕ್ಕು ನಕ್ಕು ಕಟ್ಟೆ ಮೇಲೆ ಕೂತರು. ಆ ವಾರವಿಡೀ ಗುಡಿಸಿ ಜರಡಿ ಹಿಡಿದ ಹಿಟ್ಟಿನ ರೊಟ್ಟಿಯೇ ಊಟ. ಮಗ ಹೊರಡುವ ಬಲವನ್ನು ತಗ್ಗಿಸಿದ, ಏರಿನ ಬಲವನ್ನು ಹೆಚ್ಚಿಸಿದ, ಮತ್ತೆ ಕಟ್ಟಿದ, ಮತ್ತೆ ಓಡಿಸಿದ. ಟೈಲರ್ ಹಿಂದಿನ ಸೀಟಿಗೆ ದಪ್ಪ ಬಟ್ಟೆಯ ಮೆತ್ತೆಯನ್ನೂ, ಎರಡು ಪಕ್ಕಕ್ಕೆ ಹಿಡಿಕೆಗಳನ್ನೂ, ಸೊಂಟಕ್ಕೆ ಅಗಲವಾದ ಪಟ್ಟಿಯನ್ನೂ ಹೊಲಿದರು. ಹೊಲಿದು ಮುಗಿಸಿದ ಮೇಲೆ ಪಿನ್ನುಗಳನ್ನೆಲ್ಲ ಡಬ್ಬಿಗೆ ಹಾಕಿ ಎಲ್ಲರಿಗೂ ಕೇಳುವ ಹಾಗೆ ಮುಚ್ಚಳ ಮುಚ್ಚಿದರು.

ತಿಂಗಳ ಕೊನೆಯ ವಾರ ಸೊಸೆ ಮೋಟಾರು ಚಕ್ರ ಹಾಕಿದ ಸೈಕಲ್ಲಿನಲ್ಲೇ ದಿಬ್ಬ ಹತ್ತಿದಳು. ಪಟ್ಟಿ ಕಟ್ಟಿ ಹೊತ್ತಿಗೆ ಮೊದಲೇ ಆಸ್ಪತ್ರೆಗೆ ಹಿಂತಿರುಗಿದವಳನ್ನು ನೋಡಿ ದೊಡ್ಡ ನರ್ಸು, "ದಿಬ್ಬಕ್ಕೆ ಹೋಗಲೇ ಇಲ್ವಾ ಇವತ್ತು?" ಎಂದು ಗದರಿದಳಂತೆ. ಹೊರಗೆ ಬಂದು ಚಕ್ರ ನೋಡಿದಳಂತೆ, ಹತ್ತಿ ಅಂಗಳದಲ್ಲಿ ಒಂದು ಸುತ್ತು ಹೊಡೆದಳಂತೆ, ಇಳಿಯುವಾಗ ಮುಖ ಬಿಗಿ ಮಾಡಿಕೊಂಡು, "ಆ ಹುಡುಗನಿಗೆ ಕೆಳಗಿನ ಬೀದಿ ಕೊಡ್ತೀನಿ" ಎಂದಳಂತೆ. ಸೊಸೆ ಇದನ್ನೆಲ್ಲ ಬಾಗಿಲಿನಿಂದಲೇ ಕೂಗಿ ಹೇಳಿದಳು. ಟೈಲರ್ ಮೆಷಿನ್ನು ಬಿಟ್ಟು ಎದ್ದುಬಂದರು. ಮಗ ಚಕ್ರದ ಬೆನ್ನು ತಟ್ಟಿದ.

"ಇನ್ನೊಂದು ಬಾಕಿ ಇದೆ" ಎಂದಳು ಸೊಸೆ. "ಅತ್ತೆ, ನಾಳೆ ಒಳ್ಳೆ ಬಟ್ಟೆ ಹಾಕ್ಕೊಳ್ಳಿ."

ಟೈಲರಮ್ಮ ಬೆಳಗಾಗುವ ಮೊದಲೇ ತಲೆ ಬಾಚಿಕೊಂಡು, ಮನದಲ್ಲೇ ದೇವರಿಗೆ ಕೈಮುಗಿದು ಕೂತಿದ್ದರು. ಸೊಂಟದ ಪಟ್ಟಿಯನ್ನು ಮಗ ಬಿಗಿದ, ಟೈಲರ್ ಎಳೆದು ನೋಡಿದರು, ಮತ್ತೆ ಮಗ ಬಿಗಿದ.

"ಉಸಿರಾಡೋಕೆ ಬಿಡ್ರೋ!"

ಸೈಕಲ್ಲು ಮೆಲ್ಲನೆ ಹೊರಟಿತು. ಬೇಕರಿ ಹಿಂದಾಯಿತು, ನೀರಿನ ಟ್ಯಾಂಕು ಹಿಂದಾಯಿತು, ಏರು ಶುರುವಾಯಿತು. ಸೊಸೆ ತುಳಿಯುತ್ತಿದ್ದಳು, ಅಡಿಯಲ್ಲಿ ಮೋಟಾರು ಗುಂಯ್ಗುಡುತ್ತಿತ್ತು, ಎರಡೂ ಕಡೆಯ ಗೋಡೆಗಳು ಕೆಳಗಿಳಿದು ಹೋಗುತ್ತಿದ್ದವು. ಟೈಲರಮ್ಮನಿಗೆ ಹೆದರಿಕೆಯಾಗಬೇಕಿತ್ತು. ಆಗಿದ್ದು ನಗು. ತಡೆಯಲಾರದೆ, ದನಿ ಎತ್ತಿ, ಬೀದಿಯ ಕಿಟಕಿಗಳೆಲ್ಲ ತೆರೆಯುವ ಹಾಗೆ ಸಾಲು ಮೇಲೆ ಸಾಲು ಹೇಳತೊಡಗಿದರು.

"ಅತ್ತೆ, ಅಲ್ಲಾಡ್ಬೇಡಿ!"

"ನಾನಲ್ಲ ಕಣೇ, ಪದ್ಯ!"

ಅಕ್ಕ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದಳು. ಬಾಗಿಲಲ್ಲಿ ನಿಂತವರನ್ನು ಬಹಳ ಹೊತ್ತು ನೋಡಿ, "ಯಾರೇ ಈ ಮುದುಕಿ?" ಎಂದಳು.

"ನಿನಗಿಂತ ಚಿಕ್ಕೋಳು" ಎಂದರು ಟೈಲರಮ್ಮ. ಆಮೇಲೆ ಇಬ್ಬರೂ ಒಬ್ಬರ ಕೈಯನ್ನು ಒಬ್ಬರು ಬಿಡಲಿಲ್ಲ. ಸೊಸೆ ಗಾಯ ತೊಳೆಯಲು ಬಗ್ಗಿದರೂ ಆ ಕೈಗಳ ಅಡಿಯಲ್ಲೇ ನುಸುಳಿ ಬಗ್ಗಬೇಕಾಯಿತು.

ಸೊಸೆ ಬೇರೆ ಮನೆಗಳನ್ನು ಮುಗಿಸಿ ಸಂಜೆ ಹಿಂತಿರುಗಿದಾಗ, ಟೈಲರಮ್ಮ ಅಕ್ಕನ ಅಡುಗೆಮನೆಯಲ್ಲಿ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಒರೆಸುತ್ತಿದ್ದರು. ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಅಕ್ಕ ಕುರ್ಚಿಯಿಂದಲೇ ತಪ್ಪು ಹುಡುಕುತ್ತಿದ್ದಳು. ಅಷ್ಟರಲ್ಲಿ ಸೊಸೆಯ ಫೋನು ಬಡಿದುಕೊಂಡಿತು. ಆ ಕಡೆ ಟೈಲರ್. ಅವರ ದನಿ ಕೋಣೆಗೆಲ್ಲ ಕೇಳುತ್ತಿತ್ತು.

"ಎಲ್ಲಿದೀರಮ್ಮ? ಕತ್ತಲಾಗ್ತಾ ಬಂತು. ಇವನೂ ಬಂದು ಹಸ್ಕೊಂಡು ಕೂತಿದಾನೆ. ಒಲೆ ಹಚ್ಚೋರಿಲ್ಲ. ಅವಳನ್ನ ಕೂರಿಸ್ಕೊಂಡು ಬೇಗ ಇಳಿದು ಬಾ."

ಸೊಸೆ ಫೋನನ್ನು ಅತ್ತೆಯ ಕಡೆ ಚಾಚಿದಳು. ಟೈಲರಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡರು.

"ನಾನು ಬರಲ್ಲ."

"ಯಾಕೇ? ಸೈಕಲ್ ಕೆಟ್ಟೋಯ್ತಾ?"

"ಸೈಕಲ್ ಚೆನ್ನಾಗಿದೆ" ಎಂದರು ಟೈಲರಮ್ಮ. "ನಾನೇ ಬರಲ್ಲ."